ಟೆಂಟಿಗೊಂದು ಲ್ಯಾಂಟರ್ನ್: ನಿಮ್ಮ ಪ್ರಶ್ನೆ, ರಿಪೇರಿ ಅಕ್ಕನ ಉತ್ತರ

ರಜೆ ಹತ್ತಿರ ಬಂತು ಅಂದ್ರೆ ನನಗೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಯುಪಿಎಸ್ ಎಲ್ಲ ಹಿಂದೆ ಸರಿದು ಚಾರ್ಜ್ ಮಾಡುವ ಲ್ಯಾಂಟರ್ನ್ ಮುಂದೆ ಬರುತ್ತದೆ. ಈ ಸಲ ಅಂಥ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನನ್ನ ಅಂಗಡಿ ಇರುವುದು ಸಕಲೇಶಪುರದಲ್ಲಿ. ಸುತ್ತಲಿನ ಎಸ್ಟೇಟುಗಳಲ್ಲಿ ಟೆಂಟ್ ಹಾಕುವವರು ಕೈಕೊಟ್ಟ ಲೈಟು ಹಿಡಿದುಕೊಂಡು ಬರುವುದು ಇಲ್ಲಿಗೇ. ಡಬ್ಬದ ಮೇಲೆ ಏನು ಬರೆದಿರುತ್ತದೆ, ಬಿಚ್ಚಿದರೆ ಒಳಗೆ ಏನಿರುತ್ತದೆ, ಎರಡನ್ನೂ ದಿನಾ ನೋಡುತ್ತೇನೆ. ಆ ವ್ಯತ್ಯಾಸ ನಿಮಗೂ ಗೊತ್ತಿರಲಿ ಅನ್ನುವುದು ನನ್ನ ಆಸೆ.

● ಕ್ರಿಸ್‌ಮಸ್ ರಜೆಗೆ ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಎರಡು ರಾತ್ರಿ ಟೆಂಟಿನಲ್ಲಿರಲು ಹೊರಟಿದ್ದೇವೆ. ನಾನು, ನಮ್ಮವರು, ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳು. ಟೆಂಟಿನ ಹತ್ತಿರ ಕರೆಂಟ್ ಇಲ್ಲವಂತೆ. ಆನ್‌ಲೈನಿನಲ್ಲಿ ನೋಡಿದರೆ ಒಂದರ ಮೇಲೆ 20,000 ಎಂಎಎಚ್ ಅಂತಿದೆ, ಇನ್ನೊಂದರ ಮೇಲೆ 1,000 ಲ್ಯೂಮೆನ್ ಅಂತಿದೆ. ಬೆಲೆಯೂ ನಾನೂರರಿಂದ ನಾಲ್ಕು ಸಾವಿರದವರೆಗೆ. ಏನನ್ನು ನೋಡಿ ಕೊಳ್ಳಬೇಕು ಅಕ್ಕಾ?
ಶಿಕ್ಷಕಿ, ದಾವಣಗೆರೆ

ನೋಡಿ ಮೇಡಂ, ಮೊದಲು ಲ್ಯೂಮೆನ್, ಅಂದರೆ ಲೈಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆಯ ವಿಷಯ ಮುಗಿಸೋಣ. ಮನೆಯ 9 ವಾಟಿನ ಎಲ್‌ಇಡಿ ಬಲ್ಬು ಸುಮಾರು 800ರಿಂದ 900 ಲ್ಯೂಮೆನ್ ಬೆಳಕು ಕೊಡುತ್ತದೆ. ಅದು ಇಡೀ ಕೋಣೆಗೆ ಸಾಕಾಗುತ್ತದೆ. ನಾಲ್ಕು ಜನರ ಟೆಂಟ್ ಅಂದರೆ ಎರಡು ಮಂಚ ಜೋಡಿಸಿದಷ್ಟು ಜಾಗ. ಅದರೊಳಗೆ 1,000 ಲ್ಯೂಮೆನ್ ಹೊತ್ತಿಸಿದರೆ ಕಣ್ಣು ಬಿಡಲು ಆಗುವುದಿಲ್ಲ. ಒಂದು ಮೇಣದಬತ್ತಿಯ ಬೆಳಕು 12 ಲ್ಯೂಮೆನ್ ಆಸುಪಾಸು. ಟೆಂಟಿನಲ್ಲಿ ಹಾಸಿಗೆ ಬಿಡಿಸಲು, ಬ್ಯಾಗಿನೊಳಗೆ ಮಗುವಿನ ಸ್ವೆಟರ್ ಹುಡುಕಲು 30-40 ಲ್ಯೂಮೆನ್ ಧಾರಾಳ. ಹೊರಗೆ ಅಡುಗೆಗೆ, ಊಟಕ್ಕೆ 100ರಿಂದ 150 ಬೇಕು. ಏನೋ ಸದ್ದಾಯಿತು, ನಾಯಿ ಬೊಗಳಿತು ಅಂತ ಒಂದೆರಡು ನಿಮಿಷ ಸುತ್ತ ನೋಡಲು 300 ಇದ್ದರೆ ಒಳ್ಳೆಯದು. ಅದಕ್ಕಿಂತ ಮೇಲಿನದ್ದು ಸುಮ್ನೆ ಬ್ಯಾಟರಿ ಖಾಲಿ ಮಾಡಲು.

ಹಾಗಾಗಿ ಲ್ಯಾಂಟರ್ನ್ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಬೆಳಕು ಎಷ್ಟು ಕಡಿಮೆಗೆ ಇಳಿಯುತ್ತದೆ ಅಂತ. ರಾತ್ರಿಯಿಡೀ ಟೆಂಟಿನ ಮೂಲೆಯಲ್ಲಿ ಮಿಣುಕ್ ಅಂತ ಉರಿಯುವ ಬೆಳಕು ಎಂಟು ವರ್ಷದ ಮಗುವಿಗೆ ಧೈರ್ಯ. 5-10 ಲ್ಯೂಮೆನ್‌ಗೆ ಇಳಿಯುವ ಲೈಟು ಇದಕ್ಕೆ ಬೇಕು. ದಬ್ಬಾಳಿಕೆಯಂಥ ಬೆಳಕು ಮಾತ್ರ ಇರುವ ಲೈಟಿಗೆ ಜನ ಟವೆಲ್ ಸುತ್ತಿ ಮಲಗುತ್ತಾರೆ. ಲೈಟು ಬಿಸಿಯಾಗುತ್ತದೆ, ಟವೆಲ್ ಒಳಗೆ ಇನ್ನೂ ಬಿಸಿ. ಹಾಗೆ ಮಾಡಲೇಬೇಡಿ.

ಈಗ ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್. ಇದು ಬ್ಯಾಟರಿಯ ಅರ್ಧ ಲೆಕ್ಕ ಮಾತ್ರ. ಇದನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ ಸಿಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ 3.7 ವೋಲ್ಟ್ ಹಿಡಿಯಿರಿ. 5,000 ಎಂಎಎಚ್ ಅಂದರೆ 18.5 ವಾಟ್-ಅವರ್. ಒಳಗಿನ ಸರ್ಕಿಟ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 15. ಈ ಥರದ ಎಲ್‌ಇಡಿ ಲೈಟುಗಳಲ್ಲಿ 100 ಲ್ಯೂಮೆನ್ ಬೆಳಕಿಗೆ ಹೆಚ್ಚುಕಡಿಮೆ 1 ವಾಟ್ ಬೇಕು.

ನಿಮ್ಮ ಮನೆಯವರ ಲೆಕ್ಕ ಹಾಕೋಣ. ಸಂಜೆ ಆರೂವರೆಯಿಂದ ಹತ್ತರವರೆಗೆ 100 ಲ್ಯೂಮೆನ್‌ನಲ್ಲಿ ಉರಿಸಿದರೆ ಮೂರೂವರೆ ವಾಟ್-ಅವರ್. ಆಮೇಲೆ ಬೆಳಗಿನವರೆಗೆ ಮಿಣುಕು ಬೆಳಕು, ಅದಕ್ಕೆ ಧಾರಾಳವಾಗಿ ಒಂದೂವರೆ ಹಿಡಿಯಿರಿ. ಒಂದು ರಾತ್ರಿಗೆ 5, ಎರಡು ರಾತ್ರಿಗೆ 10. ಅಂದರೆ ನಿಜವಾದ 5,000 ಎಂಎಎಚ್ ಇದ್ದರೆ ನಿಮಗೆ ಸಾಕು, ಮಿಗುತ್ತದೆ ಕೂಡ.

ಆದರೆ "ನಿಜವಾದ" ಅಂದೆನಲ್ಲ, ಮೋಸ ನಡೆಯುವುದು ಅಲ್ಲೇ. ತುಂಬಾ ಲ್ಯಾಂಟರ್ನ್‌ಗಳ ಒಳಗಿರುವುದು 18650 ಅನ್ನುವ ಉರುಟು ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, 45-50 ಗ್ರಾಂ ತೂಕ. ಒಳ್ಳೆಯ ಕಂಪನಿಯದ್ದಾದರೂ ಒಂದು ಸೆಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವುದು 2,500ರಿಂದ 3,500 ಎಂಎಎಚ್. ಅದೇ ಅಳತೆಯ ಸೆಲ್ಲಿನ ಮೇಲೆ 9,900 ಅಂತ ಮುದ್ರಿಸಿರುವುದನ್ನು ಬಿಚ್ಚಿದಾಗೆಲ್ಲ ಕಾಣುತ್ತೇನೆ. ಅಂಥದ್ದು ಇರಲು ಸಾಧ್ಯವೇ ಇಲ್ಲ. ನೀವು ಲೈಟು ಬಿಚ್ಚಬೇಕಾಗಿಲ್ಲ, ತೂಕ ನೋಡಿ ಸಾಕು. 20,000 ಎಂಎಎಚ್ ಆಗಬೇಕಾದರೆ ಅಂಥ ಆರೇಳು ಸೆಲ್ ಬೇಕು, ಸೆಲ್ಲುಗಳ ತೂಕವೇ 300 ಗ್ರಾಂ ಹತ್ತಿರ ಹೋಗುತ್ತದೆ. ಇಡೀ ಲ್ಯಾಂಟರ್ನ್ ತೂಕ 250 ಗ್ರಾಂ ಅಂತ ಅವರೇ ಬರೆದಿದ್ದರೆ ಆ ಪುಟವನ್ನು ಮುಚ್ಚಿಬಿಡಿ.

ಇನ್ನು ಬಟನ್. ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಗ್ಗದ ಲೈಟುಗಳಲ್ಲಿ ಒಂದೇ ಬಟನ್ ಇರುತ್ತದೆ. ಒಂದು ಸಲ ಒತ್ತಿದರೆ ಜೋರು, ಇನ್ನೊಮ್ಮೆ ಒತ್ತಿದರೆ ಕಡಿಮೆ, ಮತ್ತೊಮ್ಮೆ ಒತ್ತಿದರೆ ಪಟಪಟ ಮಿನುಗು, ಆಮೇಲಷ್ಟೇ ಆಫ್. ಮಧ್ಯರಾತ್ರಿ ಮಗು ಮೂತ್ರಕ್ಕೆ ಎದ್ದಿದೆ ಅಂದುಕೊಳ್ಳಿ. ಲೈಟು ಹೊತ್ತಿಸಿದ ಕೂಡಲೇ ಪೂರ್ತಿ ಜೋರು, ಎಲ್ಲರಿಗೂ ಎಚ್ಚರ. ಆರಿಸಲು ಹೋದರೆ ಮಿನುಗು ದಾಟಿ ಹೋಗಬೇಕು, ಪಕ್ಕದ ಟೆಂಟಿನವರಿಗೂ ಎಚ್ಚರ. ತಿರುಗಿಸುವ ಗುಂಡಿ ಇರುವ ಲೈಟು ನೋಡಿ. ಇಲ್ಲವೇ ಬಟನ್ ಒತ್ತಿ ಹಿಡಿದರೆ ಆರುವಂಥದ್ದು, ಕಡಿಮೆ ಬೆಳಕಿನಿಂದಲೇ ಶುರುವಾಗುವಂಥದ್ದು ನೋಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಕಣ್ಣು ಮುಚ್ಚಿಕೊಂಡು ಒಮ್ಮೆ ಹೊತ್ತಿಸಿ, ಆರಿಸಿ. ಬೆರಳಿಗೆ ಬಟನ್ ಸಿಗದಿದ್ದರೆ ಕತ್ತಲಲ್ಲೂ ಸಿಗುವುದಿಲ್ಲ.

ಬೆಳಕಿನ ಬಣ್ಣ ಹಳದಿ ಇರಲಿ. ಡಬ್ಬದ ಮೇಲೆ 2700 ಕೆ ಅಥವಾ 3000 ಕೆ ಅಂತಿದ್ದರೆ ಹಳದಿ, 6500 ಕೆ ಅಂದರೆ ಟ್ಯೂಬ್‌ಲೈಟಿನಂಥ ಬಿಳಿ. ಬಿಳಿ ಬೆಳಕಿನಲ್ಲಿ ನೀಲಿ ಅಂಶ ಜಾಸ್ತಿ, ಹುಳಗಳಿಗೆ ಅದೇ ಇಷ್ಟ. ಹಳದಿಗೂ ಬರುತ್ತವೆ, ಆದರೆ ಸಾರಿನ ಪಾತ್ರೆಗೆ ಬೀಳುವುದು ಕಡಿಮೆಯಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಲಿನ ಬಣ್ಣದ್ದಿರಲಿ. ಪಾರದರ್ಶಕ ಇದ್ದರೆ ಎಲ್‌ಇಡಿಯ ಚುಕ್ಕೆ ನೇರ ಕಣ್ಣಿಗೆ ಚುಚ್ಚುತ್ತದೆ.

ಕೊನೆಗೆ ಕಂಪನಿ. ನಾನು ಹೆಸರು ಹೇಳುವುದಿಲ್ಲ. ಲೈಟಿನ ಮೇಲೆ ಅಥವಾ ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ 'ಆರ್-' ಅಂತ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. 'ಬಿಐಎಸ್ ಕೇರ್' ಅನ್ನುವ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ತಳದಲ್ಲಿ ಸ್ಕ್ರೂ ಇದ್ದರೆ ಇನ್ನೂ ಸಂತೋಷ. ಎರಡು ಮೂರು ವರ್ಷದ ಮೇಲೆ ಸೆಲ್ ಬದಲಿಸಿ ಮತ್ತೆ ಬಳಸಬಹುದು. ಅಂಟು ಹಾಕಿ ಮುಚ್ಚಿದ್ದನ್ನು ಬಿಚ್ಚಲು ಹೋದರೆ ಒಡೆದೇ ಹೋಗುತ್ತದೆ.

ಫೋನ್ ಚಾರ್ಜ್ ಮಾಡಬಹುದು ಅನ್ನುವ ಆಸೆಗೆ ದೊಡ್ಡ ಲ್ಯಾಂಟರ್ನ್ ತೆಗೆದುಕೊಳ್ಳಬೇಡಿ. ಈಗಿನ ಒಂದು ಫೋನ್ ಪೂರ್ತಿ ಚಾರ್ಜಾಗುವಷ್ಟರಲ್ಲಿ 5,000 ಎಂಎಎಚ್ ಲ್ಯಾಂಟರ್ನ್ ಮಲಗುತ್ತದೆ. ಫೋನಿಗೆ ಬೇರೆ ಪವರ್ ಬ್ಯಾಂಕ್ ಇರಲಿ. ಒಂದು ದೊಡ್ಡದರ ಬದಲು ಎರಡು ಚಿಕ್ಕ ಲ್ಯಾಂಟರ್ನ್ ಕೊಳ್ಳುವುದು ಇನ್ನೂ ಒಳ್ಳೆಯದು. ಒಂದು ಅಡುಗೆಯ ಕಡೆ, ಒಂದು ಟೆಂಟಿನಲ್ಲಿ. ಒಂದು ಕೆಟ್ಟರೂ ಕತ್ತಲಲ್ಲಿ ಕೂರಬೇಕಾಗಿಲ್ಲ.

● ನಮ್ಮ ಚಾರ್ಜಬಲ್ ಲೈಟಿನ ತಳದಲ್ಲಿ ಎರಡು ಪಿನ್ ಹೊರಗೆ ಎಳೆದು ನೇರ ಪ್ಲಗ್ಗಿಗೆ ಸಿಕ್ಕಿಸುವ ವ್ಯವಸ್ಥೆ ಇದೆ. ಚಾರ್ಜಿಗೆ ಹಾಕಿದಾಗ ಪಕ್ಕದ ಯುಎಸ್‌ಬಿ ತೂತಿನ ಹತ್ತಿರ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಇದು ಮಾಮೂಲಾ? ಮುಂದಿನ ವಾರ ಹುಡುಗರು ಇದನ್ನೇ ಹಂಪಿಗೆ ಒಯ್ಯುತ್ತೇವೆ ಅಂತಿದ್ದಾರೆ.
ಓದುಗರು, ಕೊಪ್ಪಳ

ಅಣ್ಣಾ, ಆ ಲೈಟನ್ನು ಇವತ್ತೇ ಪಕ್ಕಕ್ಕಿಡಿ. ಹುಡುಗರ ಕೈಗೆ ಕೊಡಬೇಡಿ.

ಫೋನ್ ಚಾರ್ಜರಿನೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಗೋಡೆಯ 230 ವೋಲ್ಟ್ ಒಂದು ಕಡೆ, ನಾವು ಮುಟ್ಟುವ 5 ವೋಲ್ಟ್ ಇನ್ನೊಂದು ಕಡೆ, ನಡುವೆ ತಂತಿಯ ಸಂಪರ್ಕ ಇರುವುದಿಲ್ಲ. ನಿಮ್ಮ ಥರದ ಅಗ್ಗದ ಲೈಟುಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಪಿನ್ನಿನಿಂದ ಬಂದ ಕರೆಂಟು ಒಂದು ಕೆಪಾಸಿಟರ್, ನಾಲ್ಕು ಡಯೋಡು ದಾಟಿ ನೇರ ಬ್ಯಾಟರಿಗೆ ಹೋಗುತ್ತದೆ. ಅದೇ ಬ್ಯಾಟರಿಗೆ ಆ ಯುಎಸ್‌ಬಿ ತೂತೂ ಜೋಡಿಸಿರುತ್ತದೆ. ಅಂದರೆ ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಆ ತೂತಿನ ಲೋಹಕ್ಕೂ ಮನೆಯ ಲೈನಿಗೂ ಸಂಬಂಧ ಇದೆ. ಈಗ ಜುಮ್ ಅಂದದ್ದು ಒಣ ಕೈಗೆ, ಚಪ್ಪಲಿ ಹಾಕಿದ ಕಾಲಿಗೆ. ಒದ್ದೆ ಕೈ, ಬರಿಗಾಲು, ಸಿಮೆಂಟ್ ನೆಲ ಆದರೆ ಜೀವಕ್ಕೇ ಅಪಾಯ. ಕೆಲವರು ಇಂಥ ಲೈಟು ಚಾರ್ಜಿನಲ್ಲಿ ಇರುವಾಗಲೇ ಅದಕ್ಕೆ ಫೋನ್ ಸಿಕ್ಕಿಸಿ ಮಾತಾಡುತ್ತಾರೆ. ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಇದಕ್ಕೆ ರಿಪೇರಿ ಇಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ, ಒಳ್ಳೆಯ ಫೋನ್ ಚಾರ್ಜರಿನಿಂದ ಚಾರ್ಜ್ ಆಗುವ ಲೈಟು ತೆಗೆದುಕೊಡಿ. ಹಳೆಯದರ ಪಿನ್ ಮುರಿದು ಹಾಕಿ, ಬೇರೆ ಯಾರೂ ಪ್ಲಗ್ಗಿಗೆ ಹಾಕದ ಹಾಗೆ.

● ಹೊಸ ಲ್ಯಾಂಟರ್ನ್‌ಗೆ ಟೈಪ್-ಸಿ ಪೋರ್ಟ್ ಇದೆ. ಆದರೆ ನನ್ನ ಫೋನಿನ ಚಾರ್ಜರ್ ಹಾಕಿದರೆ ಚಾರ್ಜೇ ಆಗಲ್ಲ. ಲೈಟು ಕೆಟ್ಟಿದೆಯಾ?
ಐಟಿ ಉದ್ಯೋಗಿ, ಬೆಂಗಳೂರು

ನಿಮ್ಮ ಕೇಬಲ್ಲಿನ ಎರಡೂ ತುದಿ ಟೈಪ್-ಸಿ ಇರಬೇಕು, ಅಲ್ವಾ? ಅಂಥ ಚಾರ್ಜರ್ ಸುಮ್ಮನೆ ಕರೆಂಟ್ ಬಿಡುವುದಿಲ್ಲ. ಆ ಕಡೆ ಸಾಧನ ಇದೆ ಅಂತ ಗೊತ್ತಾದ ಮೇಲೇ ಬಿಡುವುದು. ಅದು ಗೊತ್ತಾಗಲು ಲೈಟಿನ ಪೋರ್ಟಿನ ಹಿಂದೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಕೂರಿಸಬೇಕು. ಸಾಸಿವೆ ಕಾಳಿಗಿಂತ ಚಿಕ್ಕವು, ಬೆಲೆ ಪೈಸೆಗಳಲ್ಲಿ. ಅದನ್ನೂ ಉಳಿಸುವ ತಯಾರಕರು ಇದ್ದಾರೆ. ಹಳೇ ಥರದ ಅಗಲ ಯುಎಸ್‌ಬಿ ಇರುವ ಚಾರ್ಜರಿನಿಂದ, ಒಂದು ತುದಿ ಮಾತ್ರ ಟೈಪ್-ಸಿ ಇರುವ ಕೇಬಲ್ ಹಾಕಿ ನೋಡಿ, ಚಾರ್ಜ್ ಆಗುತ್ತದೆ. ಆಗದಿದ್ದರೆ ಮಾತ್ರ ವಾಪಸ್ ಮಾಡಿ. ಕ್ಯಾಂಪಿಗೆ ಹೋಗುವಾಗ ಆ ಕೇಬಲ್ ಲೈಟಿನ ಹಿಡಿಗೇ ಕಟ್ಟಿಡಿ, ಇಲ್ಲದಿದ್ದರೆ ಪವರ್ ಬ್ಯಾಂಕ್ ಇದ್ದೂ ಉಪಯೋಗವಿಲ್ಲ.

● ತಲೆಯ ಮೇಲೆ ಸೋಲಾರ್ ಪ್ಯಾನೆಲ್ ಇರುವ ಲ್ಯಾಂಟರ್ನ್ ಹೇಗೆ? ನಮ್ಮ ಕಡೆ ಬಿಸಿಲಿಗೇನೂ ಕೊರತೆ ಇಲ್ಲ.
ರೈತರು, ಚಿತ್ರದುರ್ಗ

ಬಿಸಿಲು ಇದೆ, ಪ್ಯಾನೆಲ್ ಸಣ್ಣದು. ನಡು ಮಧ್ಯಾಹ್ನದ ಒಳ್ಳೆ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್ ಬೀಳುತ್ತದೆ. ಲೈಟಿನ ತಲೆಯ ಪ್ಯಾನೆಲ್ 10 ಸೆಂಟಿಮೀಟರ್ ಉದ್ದ, 5 ಅಗಲ ಅಂತಿಟ್ಟುಕೊಳ್ಳಿ. ಅದರ ಮೇಲೆ ಬೀಳುವುದು 5 ವಾಟ್. ಅದರಲ್ಲಿ ಐದನೇ ಒಂದು ಭಾಗ ಕರೆಂಟಾದರೆ 1 ವಾಟ್, ಅದೂ ನೆತ್ತಿಯ ಸೂರ್ಯನಿಗೆ. 18 ವಾಟ್-ಅವರ್ ಬ್ಯಾಟರಿ ತುಂಬಲು ನಿಮ್ಮ ಚಿತ್ರದುರ್ಗದ ಬಿಸಿಲಿನಲ್ಲೂ ನಾಲ್ಕೈದು ದಿನ ಬೇಕು. ನಮ್ಮ ಕಡೆ ಸಿಲ್ವರ್ ಓಕ್ ಮರದ ನೆರಳಿನಲ್ಲಿ ಇಟ್ಟರೆ ಆ ಆಸೆಯನ್ನೇ ಬಿಡಿ. ಜೊತೆಗೆ ಬಿಸಿಲಿಗಿಟ್ಟ ಲೈಟಿನೊಳಗೆ ಬ್ಯಾಟರಿಯೂ ಕಾಯುತ್ತದೆ, ಅದರ ಆಯುಷ್ಯ ಕಡಿಮೆಯಾಗುತ್ತದೆ. ಸೋಲಾರೇ ಬೇಕು ಅಂದರೆ ಪ್ಯಾನೆಲ್ ಬೇರೆ, ಲೈಟು ಬೇರೆ ಇರುವುದನ್ನು ತೆಗೆದುಕೊಳ್ಳಿ. ಪ್ಯಾನೆಲ್ ಬಿಸಿಲಿನಲ್ಲಿರಲಿ, ವೈರ್ ಎಳೆದು ಲೈಟನ್ನು ನೆರಳಿನಲ್ಲಿಡಿ. ತೋಟದ ಮನೆಗೂ ಅದು ಉಪಯೋಗಕ್ಕೆ ಬರುತ್ತದೆ.

● ಮಳೆ ಶುರುವಾಗುವ ಮುಂಚೆ ಮಿಂಚುಹುಳ ನೋಡಲು ಮಲೆನಾಡಿಗೆ ಹೋಗುತ್ತೇವೆ. ಮಳೆಗೆ ತಡೆಯುವ ಲ್ಯಾಂಟರ್ನ್ ಬೇಕು. ಐಪಿ ಅಂತ ಏನೇನೋ ನಂಬರ್ ಇರುತ್ತವಲ್ಲ, ಯಾವುದು ಸಾಕು?
ಕಾಲೇಜು ವಿದ್ಯಾರ್ಥಿ, ಉಡುಪಿ

ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿಎಕ್ಸ್4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. ಧೂಳಿನ ಅಂಕಿ ಕೊಟ್ಟಿಲ್ಲದ ಕಡೆ ಎಕ್ಸ್ ಹಾಕಿರುತ್ತಾರೆ. ಐಪಿ65 ಪೈಪಿನಲ್ಲಿ ಹೊಡೆದ ನೀರಿಗೂ ಜಗ್ಗುವುದಿಲ್ಲ. ಐಪಿ67 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಟೆಂಟ್ ಹೊರಗೆ ತೂಗುಹಾಕಲು ಐಪಿಎಕ್ಸ್4 ಸಾಕು, ಆದರೆ ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಒತ್ತಿ ಕೂರಿಸಿರಬೇಕು. ನನ್ನ ಹತ್ತಿರ ಬರುವ ನೀರು ಹೊಕ್ಕ ಲೈಟುಗಳಲ್ಲಿ ಜಾಸ್ತಿ ಪಾಲು ಆ ಮುಚ್ಚಳ ತೆರೆದಿದ್ದವೇ. ಒದ್ದೆಯಾಗಿದ್ದರೆ ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಪ್ಪಾ.

ಮಿಂಚುಹುಳದ ವಿಷಯಕ್ಕೆ ನನ್ನದೊಂದು ಬೇಡಿಕೆ ಇದೆ. ಅವು ಮಿನುಗುವುದು ಗಂಡು ಹೆಣ್ಣು ಒಂದನ್ನೊಂದು ಕರೆಯಲು. ನಿನ್ನ ಲ್ಯಾಂಟರ್ನ್ ಹತ್ತಿರ ಉರಿಯುತ್ತಿದ್ದರೆ ಆ ಕರೆ ಒಂದಕ್ಕೊಂದು ಕಾಣುವುದಿಲ್ಲ. ವರ್ಷಕ್ಕೆ ಅವಕ್ಕೆ ಸಿಗುವುದು ಕೆಲವೇ ವಾರ. ಜಾಗ ತಲುಪಿದ ಮೇಲೆ ಎಲ್ಲ ಬೆಳಕು ಆರಿಸಿ ಕೂರಿ, ಫೋನಿನ ಪರದೆ ಕೂಡ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಆಮೇಲೆ ಮರ ಮರವೇ ಮಿನುಗುವುದು ಕಾಣುತ್ತದೆ. ನಡೆಯಲೇಬೇಕಾದರೆ ಮಂದವಾದ ಕೆಂಪು ಬೆಳಕು ಇರುವ ಲೈಟನ್ನು ನೆಲಕ್ಕೆ ಹಿಡಿದುಕೊಂಡು ಹೋಗು. ರಕ್ಷಿತಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯುವ ಯೋಚನೆ ಬೇಡ. ಕುದುರೆಮುಖದಂಥ ಕಡೆ ಟೆಂಟ್ ಹಾಕಲು ಬಿಡುವುದಿಲ್ಲ. ಹಳ್ಳಿಯ ಹೋಂಸ್ಟೇಯಲ್ಲಿ ಉಳಿದರೆ ಅವರ ಅಂಗಳದಿಂದಲೇ ನೋಡಬಹುದು.

● ಮನೆಯಲ್ಲಿ ಹಳೇ ಎಮರ್ಜೆನ್ಸಿ ಲೈಟು ಇದೆ, ಬ್ಯಾಟರಿ ಸತ್ತಿದೆ. ಲಿಥಿಯಂ ಬ್ಯಾಟರಿ ಹಾಕಿಸಿದರೆ ಟ್ರಿಪ್ಪಿಗೆ ಆಗುತ್ತದಾ?
ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಬೇಡ. ಅದರಲ್ಲಿರುವುದು ಸೀಸ-ಆಮ್ಲದ ಬ್ಯಾಟರಿ, ಸಾಮಾನ್ಯವಾಗಿ 6 ವೋಲ್ಟ್, 4.5 ಆಂಪಿಯರ್-ಅವರ್. ಅದರ ಚಾರ್ಜಿಂಗ್ ಸರ್ಕಿಟ್ಟೂ ಅದಕ್ಕೇ ಮಾಡಿದ್ದು. ಲಿಥಿಯಂ ಸೆಲ್ಲಿಗೆ ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ. ಮಿತಿಮೀರಿ ಚಾರ್ಜಾದರೆ ಬೆಂಕಿ ಹತ್ತಬಹುದು. ಅದೇ ಥರದ ಸೀಸದ ಬ್ಯಾಟರಿ ಹಾಕಿಸಿ ಮನೆಯಲ್ಲಿ ಬಳಸಿ, ಕರೆಂಟ್ ಹೋದಾಗ ಅದರಷ್ಟು ಗಟ್ಟಿಯಾದದ್ದು ಇಲ್ಲ. ಬಳಸಿದ ದಿನವೇ ಮತ್ತೆ ಚಾರ್ಜಿಗೆ ಹಾಕಿ. ಖಾಲಿಯಾಗಿ ಬಿಟ್ಟರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ.

● ನಾವು ಹಿಂದೆ ಕೋಲ ನೋಡಲು, ಶಿಕಾರಿಗೆ ಎಲ್ಲ ಪೆಟ್ರೋಮ್ಯಾಕ್ಸ್ ಹಿಡಿದೇ ಹೋಗುತ್ತಿದ್ದೆವು. ಆ ಬೆಳಕಿನ ಮುಂದೆ ಇವೆಲ್ಲ ಏನೂ ಅಲ್ಲ. ಮೊಮ್ಮಕ್ಕಳ ಜೊತೆ ಅದನ್ನೇ ಕಳಿಸಬಹುದಲ್ಲ?
ನಿವೃತ್ತರು, ಪುತ್ತೂರು

ಅಜ್ಜಾ, ಆ ಬೆಳಕಿನ ಸೊಗಸು ನನಗೂ ಗೊತ್ತು. ಅಂಗಳದಲ್ಲಿ ನೀವೇ ಪಂಪ್ ಹೊಡೆದು ಹೊತ್ತಿಸಿ ತೋರಿಸಿ, ಮಕ್ಕಳು ಮರೆಯುವುದಿಲ್ಲ. ಟೆಂಟಿಗೆ ಮಾತ್ರ ಕಳಿಸಬೇಡಿ. ಎಣ್ಣೆಯೋ ಗ್ಯಾಸೋ ಉರಿಸುವ ಯಾವುದೇ ದೀಪ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ಟೆಂಟಿನ ಬಟ್ಟೆಗೆ ಬೆಂಕಿ ಹತ್ತಿದರೆ ಜಿಪ್ ತೆಗೆಯುವಷ್ಟು ಸಮಯವೂ ಸಿಗುವುದಿಲ್ಲ.

● ರಾತ್ರಿ ಶೌಚಕ್ಕೆ ಹೋಗುವಾಗ ಲ್ಯಾಂಟರ್ನ್ ಸಾಕಾ, ಟಾರ್ಚೂ ಬೇಕಾ?
ಗೃಹಿಣಿ, ಮೈಸೂರು

ಟಾರ್ಚ್ ಬೇಕೇ ಬೇಕು. ಲ್ಯಾಂಟರ್ನ್ ಎದೆಯ ಮಟ್ಟಕ್ಕೆ ಹಿಡಿದು ನಡೆದರೆ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ಕಾಲ ಬುಡ ಕಾಣುವುದಿಲ್ಲ. ಹಾವು ಇರುವುದು ಅಲ್ಲೇ. ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಇನ್ನೂ ಅನುಕೂಲ, ಮಗುವಿನ ಕೈ ಹಿಡಿಯಲು ನಿಮ್ಮ ಎರಡೂ ಕೈ ಖಾಲಿ ಇರುತ್ತವೆ. ಚಪ್ಪಲಿ ಬೇಡ, ಶೂ ಹಾಕಿ. ಹಾಕುವ ಮುಂಚೆ ಕೊಡವಿ. ಕಟ್ಟುಹಾವು ರಾತ್ರಿ ಹಾಸಿಗೆಯೊಳಗೆ ಬಂದು ಕಚ್ಚುವುದುಂಟು, ಹಾಗಾಗಿ ಟೆಂಟಿನ ಜಿಪ್ ಒಂದು ಬೆರಳಷ್ಟೂ ತೆರೆದಿರಬಾರದು.

● ದುಬೈಯಲ್ಲಿ ಚಳಿಗಾಲಕ್ಕೆ ಮರುಭೂಮಿಯಲ್ಲಿ ಟೆಂಟ್ ಹಾಕುತ್ತೇವೆ. ಒಂದು ಲ್ಯಾಂಟರ್ನ್ ಊರಿಗೂ ತರಬೇಕು. ವಿಮಾನದಲ್ಲಿ ಬಿಡುತ್ತಾರಾ? ಉಳಿದ ದಿನ ಕಾರಿನಲ್ಲೇ ಇಟ್ಟಿರಬಹುದಾ?
ಓದುಗರು, ದುಬೈ

100 ವಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿ ಇರುವ ಲೈಟನ್ನು ಕೈಚೀಲದಲ್ಲಿ ತರಬಹುದು. ಮೇಲೆ ಹೇಳಿದ 5,000 ಎಂಎಎಚ್ ಲೈಟು 18.5 ಅಷ್ಟೇ, ಚಿಂತೆ ಇಲ್ಲ. ಬಿಡಿ ಸೆಲ್, ಪವರ್ ಬ್ಯಾಂಕ್ ಮಾತ್ರ ಯಾವತ್ತೂ ದೊಡ್ಡ ಲಗೇಜಿಗೆ ಹಾಕಬೇಡಿ. ತಾನೇ ಹೊತ್ತಿಕೊಳ್ಳದ ಹಾಗೆ ಬಟನ್ ಲಾಕ್ ಮಾಡಿ.

ಕಾರಿನಲ್ಲಿ ಬೇಡ. ನಿಮ್ಮ ಕಡೆಯ ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಬಿಸಿ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಮನೆಯೊಳಗೆ ತಂಪಾದ ಕಪಾಟಿನಲ್ಲಿ, ಅರ್ಧದಷ್ಟು ಚಾರ್ಜಿನಲ್ಲಿ ಇಡಿ. ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ ತಿಂಗಳುಗಟ್ಟಲೆ ಇಟ್ಟರೆ ಬ್ಯಾಟರಿ ಹಾಳಾಗುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಚಾರ್ಜ್ ಮಾಡಿ. ಯಾವತ್ತಾದರೂ ಲೈಟಿನ ಮೈ ಉಬ್ಬಿದಂತೆ ಕಂಡರೆ ಚಾರ್ಜಿಗೆ ಹಾಕಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೇ ಕೊಡಿ.